ಟಿ-ಟಾಪ್ ಸೋರಿದಾಗ: ಹೊಸ ರಬ್ಬರ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ಟಿ-ಟಾಪ್ ಎಂಬ, ಎರಡು ಹಲಗೆಗಳಾಗಿ ಬಿಚ್ಚಿಡಬಹುದಾದ ಛಾವಣಿಯಿರುವ ಹಳೆಯ ಕಾರಿನೊಳಗೆ ಒಂದು ಜೋರು ಮಳೆಗೆ ನಾಲ್ಕು ಹನಿ ಬಿದ್ದರೆ ಸಾಕು, ಹೆಚ್ಚಿನವರು ಛಾವಣಿಯ ಸಂದುಗಳಲ್ಲಿ ನೀರು ತಡೆಯುವ ರಬ್ಬರ್ ಪಟ್ಟಿಗಳ ಪೂರ್ತಿ ಒಂದು ಹೊಸ ಸೆಟ್ ತರಿಸಿಬಿಡುತ್ತಾರೆ. ಹಣ ಖರ್ಚಾಗುತ್ತದೆ, ಎರಡು ದಿನದ ದುಡಿಮೆಯೂ ಆಗುತ್ತದೆ, ಮುಂದಿನ ಮಳೆಗೆ ಹನಿ ಮತ್ತೆ ಅದೇ ಜಾಗದಲ್ಲಿ ಬೀಳುತ್ತದೆ. ರಬ್ಬರ್ ಬದಲಿಸುವುದು ಈ ಕೆಲಸದ ಕೊನೆಯ ಹಂತವಾಗಬೇಕೇ ಹೊರತು ಮೊದಲನೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೂ ಮೊದಲು ಶುಚಿಗೊಳಿಸುವುದು, ನೀರು ಒಳಬರುವ ಜಾಗವನ್ನು ಪತ್ತೆ ಮಾಡುವುದು, ಬಾಗಿಲು, ಗಾಜು ಮತ್ತು ಛಾವಣಿಯ ಬಿಚ್ಚುವ ಹಲಗೆಗಳಾದ ಪ್ಯಾನೆಲ್‌ಗಳನ್ನು ಹೊಂದಿಸುವುದು ಎಂಬ ಮೂರು ಕೆಲಸಗಳಿವೆ. ನಾನು ಅಮೆರಿಕದ ಓಹಾಯೋದಲ್ಲಿದ್ದುಕೊಂಡು 1979ರ ಒಂದು ಕಾರ್ವೆಟ್ ಸ್ಪೋರ್ಟ್ಸ್ ಕಾರನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವುದರಿಂದ ಮುಖ್ಯವಾಗಿ ಆ ಕಾರನ್ನೇ ಎದುರಿಗಿಟ್ಟುಕೊಂಡು ಬರೆಯುತ್ತೇನೆ. ಅದೇ ಕಾಲದ ಬೇರೆ ಟಿ-ಟಾಪ್ ಕಾರುಗಳಿಗೂ, ಇಡೀ ಛಾವಣಿ ಒಂದೇ ಹಲಗೆಯಾಗಿ ಬಿಚ್ಚುವ ಟಾರ್ಗಾ ಕಾರುಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಷೆವ್ರೊಲೆ ಕಂಪನಿಯು 1968ರ ಮಾದರಿಯಾಗಿ ಹೊರತಂದ ಮೂರನೆಯ ತಲೆಮಾರಿನ ಕಾರ್ವೆಟ್ 1982ರವರೆಗೆ ತಯಾರಾಯಿತು. ಅದರ ಛಾವಣಿಯನ್ನು ಮೊದಲು ಒಂದೇ ಪ್ಯಾನೆಲ್ ಆಗಿ ಮಾಡುವ ಆಲೋಚನೆಯಿತ್ತು. ಆದರೆ ಮೇಲ್ಭಾಗ ಪೂರ್ತಿ ತೆರೆದರೆ ಕಾರಿನ ದೇಹ ತಿರುಚಿಕೊಳ್ಳುತ್ತಿತ್ತು. ಆದ್ದರಿಂದ ವಿಂಡ್‌ಶೀಲ್ಡಿನ ಚೌಕಟ್ಟಿನಿಂದ ಹಿಂಬದಿಯ ಕಮಾನಿನವರೆಗೆ ನಡುವೆ ಒಂದು ಪಟ್ಟಿಯನ್ನು ಕೊಟ್ಟು, ಅದರ ಎಡಕ್ಕೊಂದು ಬಲಕ್ಕೊಂದು ಪ್ಯಾನೆಲ್ ಇಟ್ಟರು. ಮೇಲಿನಿಂದ ನೋಡಿದರೆ ಆ ಪಟ್ಟಿ ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುವುದರಿಂದಲೇ ಟಿ-ಟಾಪ್ ಎಂಬ ಹೆಸರು. ಮೊದಮೊದಲು ಪ್ಯಾನೆಲ್‌ಗಳು ಬಣ್ಣ ಬಳಿದ ಫೈಬರ್‌ಗ್ಲಾಸಿನವಾಗಿದ್ದವು. 1978ರಿಂದ ಹೆಚ್ಚುವರಿ ಹಣ ಕೊಟ್ಟವರಿಗೆ ಗಾಜಿನ ಪ್ಯಾನೆಲ್‌ಗಳು ಸಿಗತೊಡಗಿದವು. ಈ ಇತಿಹಾಸ ರಿಪೇರಿಗೂ ಬೇಕಾಗುತ್ತದೆ. ದೇಹ ತಿರುಚಿಕೊಳ್ಳುವ ಗುಣ ನಡುವಿನ ಪಟ್ಟಿಯಿಂದ ಕಡಿಮೆಯಾಯಿತೇ ವಿನಾ ಇಲ್ಲವಾಗಲಿಲ್ಲ. ನಲವತ್ತೈವತ್ತು ವರ್ಷಗಳ ಓಡಾಟದಲ್ಲಿ ಬಾಗಿಲು, ಗಾಜು, ಪ್ಯಾನೆಲ್ ಇವು ತಮ್ಮ ಮೂಲ ಜಾಗದಿಂದ ಸ್ವಲ್ಪ ಸ್ವಲ್ಪವೇ ಸರಿದಿರುತ್ತವೆ. ಮಟ್ಟಸವಾಗಿ ಒತ್ತಿಕೊಂಡಿರಬೇಕಾದ ರಬ್ಬರ್ ಒಂದು ಕಡೆ ಜಜ್ಜಿಹೋಗಿ, ಇನ್ನೊಂದು ಕಡೆ ಏನನ್ನೂ ಮುಟ್ಟದೆ ನಿಂತಿರುತ್ತದೆ.

ಪ್ರತಿ ಪ್ಯಾನೆಲ್ಲಿನ ನಾಲ್ಕು ಅಂಚುಗಳಲ್ಲಿ ಮೂರು ಅಂಚುಗಳು ಕಾರಿನ ದೇಹದ ಮೇಲೆ ಕೂರುತ್ತವೆ: ಮುಂದಿನದು ವಿಂಡ್‌ಶೀಲ್ಡಿನ ಮೇಲ್ಚೌಕಟ್ಟಿನ ಮೇಲೆ, ಒಳಗಿನದು ನಡುಪಟ್ಟಿಯ ಮೇಲೆ, ಹಿಂದಿನದು ಕಮಾನಿನ ಮೇಲೆ. ನಾಲ್ಕನೆಯದಾದ ಹೊರ ಅಂಚಿಗೆ ಮಾತ್ರ ಆಧಾರವೆಂದರೆ ಬಾಗಿಲಿನ ಗಾಜಿನ ಮೇಲ್ತುದಿ. ಈ ಬಾಗಿಲಿನ ಗಾಜಿಗೆ ಸುತ್ತ ಚೌಕಟ್ಟು ಇಲ್ಲ. ಹೀಗಾಗಿ ಗಾಜು ಎರಡು ಮಿಲಿಮೀಟರ್ ಹೊರಗೆ ವಾಲಿದರೂ ಎಂಥ ಹೊಸ ರಬ್ಬರ್ ಹಾಕಿದರೂ ನೀರು ನಿಲ್ಲುವುದಿಲ್ಲ. ಎಲ್ಲಕ್ಕಿಂತ ದುರ್ಬಲವಾದ ಜಾಗ ವಿಂಡ್‌ಶೀಲ್ಡಿನ ಮೇಲಿನ ಎರಡು ಮೂಲೆಗಳು. ವಿಂಡ್‌ಶೀಲ್ಡಿನ ಬದಿಯ ಕಂಬದ ರಬ್ಬರ್, ಮೇಲ್ಚೌಕಟ್ಟಿನ ರಬ್ಬರ್ ಮತ್ತು ಪ್ಯಾನೆಲ್ಲಿನ ರಬ್ಬರ್ ಮೂರೂ ಅಲ್ಲಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಶುರುವಾದದ್ದು ಅಲ್ಲಿಂದಲೇ.

ಸೋರಿಕೆಯನ್ನು ಏಕೆ ಕಡೆಗಣಿಸಬಾರದು

ಕಾರ್ವೆಟ್ಟಿನ ಹೊರದೇಹ ಫೈಬರ್‌ಗ್ಲಾಸಿನದು, ಅದು ತುಕ್ಕು ಹಿಡಿಯುವುದಿಲ್ಲ ಎಂಬ ಧೈರ್ಯ ಹಲವರಿಗಿದೆ. ಅದು ಅರ್ಧ ಸತ್ಯ ಮಾತ್ರ. ಆ ಫೈಬರ್‌ಗ್ಲಾಸಿನ ಒಳಗೆ ವಿಂಡ್‌ಶೀಲ್ಡಿನ ಚೌಕಟ್ಟು, ಬಾಗಿಲಿನ ಕಂಬಗಳು ಮತ್ತು ಛಾವಣಿಯ ಕಮಾನನ್ನು ಹಿಡಿದಿರುವ ಒಂದು ಉಕ್ಕಿನ ಪಂಜರವಿದೆ. ಅಮೆರಿಕದ ಮೆಕ್ಯಾನಿಕ್‌ಗಳು ಅದನ್ನು ಹಕ್ಕಿಯ ಪಂಜರ ಎಂದೇ ಕರೆಯುತ್ತಾರೆ. ಮೇಲಿನ ಮೂಲೆಯಲ್ಲಿ ಒಳಹೊಕ್ಕ ನೀರು ಒಳಗಿನ ಪ್ಲಾಸ್ಟಿಕ್ ಪಟ್ಟಿಗಳ ಹಿಂದಿನಿಂದ ಈ ಪಂಜರದ ಮೇಲೆ ಇಳಿಯುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಉಕ್ಕು ಪದರ ಪದರವಾಗಿ ಏಳುತ್ತಿರುತ್ತದೆ. ಪಂಜರ ಆಳವಾಗಿ ತುಕ್ಕು ಹಿಡಿದರೆ ಆ ಕಾರನ್ನು ಸರಿಮಾಡಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಅದರ ಮುಂದೆ ಸೀಟು ನೆನೆಯುವುದು ಸಣ್ಣ ಸಂಗತಿ.

ಆದ್ದರಿಂದ ಮೊದಲು ಕಾರ್ಪೆಟ್ ಎತ್ತಿ ನೋಡಬೇಕು. ಮೇಲೆ ಕೈಯಾಡಿಸಿದರೆ ಕಾರ್ಪೆಟ್ ಒಣಗಿದಂತೆಯೇ ಇರುತ್ತದೆ, ಆದರೆ ಅದರಡಿಯ ನಾರಿನ ಹಾಸು ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಪಾದ ಇಡುವ ಜಾಗದ ಮುಂದಿನ ಮೂಲೆಯಲ್ಲಿ ಹಾಸನ್ನು ಹಿಂಡಿ, ಮೂಗಿಗೆ ಹಿಡಿದು ನೋಡಿರಿ. ಮುಗ್ಗಲು ವಾಸನೆ ಬಂದರೆ ಸೋರಿಕೆ ಹಳೆಯದು. ವಿಂಡ್‌ಶೀಲ್ಡಿನ ಕಂಬದ ಒಳಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ, ಟಾರ್ಚ್ ಹಿಡಿದು ಒಳಗಿನ ಉಕ್ಕನ್ನು ನೋಡಿರಿ. ಮೇಲ್ಮೈಯಲ್ಲಿ ಮಾತ್ರ ಕೆಂಪು ಪುಡಿಯಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ತುಕ್ಕುನಿರೋಧಕ ಪ್ರೈಮರ್ ಬಳಿಯಬಹುದು. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗೆ ಇಳಿಯುವಷ್ಟು ಉಕ್ಕು ತಿಂದುಹೋಗಿದ್ದರೆ ರಬ್ಬರಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಪಂಜರದ ರಿಪೇರಿ ಬಲ್ಲವರಿಗೆ ಕಾರನ್ನು ತೋರಿಸಬೇಕು.

ಪ್ಯಾನೆಲ್ ಬಿಚ್ಚುವಾಗ

ಕಾರು ಸಮತಟ್ಟಾದ ನೆಲದ ಮೇಲೆ ನಾಲ್ಕೂ ಚಕ್ರಗಳಲ್ಲಿ ನಿಂತಿರಬೇಕು. ಒಂದು ಮೂಲೆಯನ್ನು ಜ್ಯಾಕ್ ಮೇಲೆ ಎತ್ತಿರುವಾಗ ಪ್ಯಾನೆಲ್ ತೆಗೆಯುವುದಾಗಲಿ ಕೂರಿಸುವುದಾಗಲಿ ಮಾಡಬಾರದು. ಮೊದಲೇ ಹೇಳಿದ ತಿರುಚುವಿಕೆಯಿಂದಾಗಿ ಲಾಕ್ ಬಿಗಿಯುತ್ತದೆ, ಬಲವಂತ ಮಾಡಿದರೆ ಪ್ಯಾನೆಲ್ಲಿನ ಮೂಲೆ ಬಿರುಕು ಬಿಡುತ್ತದೆ. ಮೊದಲು ಎರಡೂ ಬಾಗಿಲಿನ ಗಾಜುಗಳನ್ನು ಕೆಳಗಿಳಿಸಿ, ಲಾಕ್‌ಗಳನ್ನು ಪೂರ್ತಿಯಾಗಿ ಬಿಡಿಸಿ, ಎರಡೂ ಕೈಗಳಿಂದ ಪ್ಯಾನೆಲ್ಲನ್ನು ಸಮನಾಗಿ ಮೇಲಕ್ಕೆತ್ತಬೇಕು. ಗಾಜಿನ ಪ್ಯಾನೆಲ್ಲಾದರೆ ಇಬ್ಬರಿರುವುದು ಒಳ್ಳೆಯದು.

ಬೇಸಿಗೆಯಲ್ಲಿ ಬಹಳ ದಿನ ಮುಚ್ಚಿಯೇ ಇದ್ದ ಕಾರಿನಲ್ಲಿ ರಬ್ಬರ್ ದೇಹದ ಬಣ್ಣಕ್ಕೆ ಅಂಟಿಕೊಂಡಿರುತ್ತದೆ. ಲಾಕ್ ಬಿಟ್ಟರೂ ಪ್ಯಾನೆಲ್ ಅಲುಗದಿದ್ದಾಗ ಕೆಳಗಿನಿಂದ ಗುದ್ದಿದರೆ ರಬ್ಬರಿನ ತುಟಿ ಹರಿದು ಅರ್ಧ ಅಲ್ಲಿ ಅರ್ಧ ಇಲ್ಲಿ ಉಳಿಯುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ತೆಗೆದುಕೊಂಡು, ಅದರ ಅಂಚಿಗೆ ಸ್ವಲ್ಪ ಸಾಬೂನು ನೀರು ಸವರಿ, ರಬ್ಬರ್ ಮತ್ತು ಬಣ್ಣದ ನಡುವೆ ತೂರಿಸಿ ಮೆಲ್ಲನೆ ಸರಿಸುತ್ತ ಹೋಗಬೇಕು. ಎರಡು ನಿಮಿಷದ ತಾಳ್ಮೆ ಸಾಕು, ಹಪ್ಪಳ ಕಿತ್ತಂತೆ ಸಣ್ಣ ಸದ್ದು ಮಾಡಿ ಅದು ಬಿಟ್ಟುಕೊಳ್ಳುತ್ತದೆ.

ಬಿಚ್ಚಿದ ಪ್ಯಾನೆಲ್ಲನ್ನು ಬಾನೆಟ್ ಮೇಲಾಗಲಿ, ಸಿಮೆಂಟ್ ನೆಲದ ಮೇಲಾಗಲಿ ಇಡಬಾರದು. ದಪ್ಪನೆಯ ಕಂಬಳಿ ಹಾಸಿ ಅದರ ಮೇಲೆ ಇಡಬೇಕು. ಗಾಜಿನ ಪ್ಯಾನೆಲ್ಲಿನ ಭಾರ ಅದರ ಲಾಕ್ ಅಥವಾ ಹಿಡಿಯ ಮೇಲೆ ಬೀಳಬಾರದು, ಏಕೆಂದರೆ ಆ ಲೋಹದ ಭಾಗಗಳ ಜೋಡಣೆ ಕಾಲಕ್ರಮೇಣ ಸಡಿಲಗೊಂಡಿರುತ್ತದೆ. ಪ್ರತಿ ಬಾರಿ ಬಿಚ್ಚಿದಾಗಲೂ ಆ ಜಾಗಗಳನ್ನು ಬೆರಳಿನಿಂದ ಒತ್ತಿ ನೋಡಿರಿ. ಕೂದಲೆಳೆಯಷ್ಟು ಅಲುಗಿದರೂ ಆ ಪ್ಯಾನೆಲ್ಲನ್ನು ಹೆದ್ದಾರಿಗೆ ಒಯ್ಯಬಾರದು. ವೇಗದಲ್ಲಿ ಛಾವಣಿಯ ಮೇಲೆ ಹರಿಯುವ ಗಾಳಿ ಪ್ಯಾನೆಲ್ಲನ್ನು ಮೇಲಕ್ಕೆ ಸೆಳೆಯುತ್ತದೆ.

ತೊಳೆಯುವುದು, ಮೃದುಗೊಳಿಸುವುದು

ರಬ್ಬರ್ ಸತ್ತಿದೆ ಎಂದು ನಾವು ಅಂದುಕೊಳ್ಳುವ ಎಷ್ಟೋ ಕಡೆ ಅದರ ಮೇಲೆ ಕೊಳೆ ಗಟ್ಟಿಯಾಗಿರುತ್ತದೆ, ಅಷ್ಟೆ. ಹೂವಿನ ಪರಾಗ, ರಸ್ತೆಯ ಧೂಳು, ಹಿಂದಿನ ಮಾಲೀಕರು ಬಳಿದ ಪಾಲಿಶ್ ಇವೆಲ್ಲ ಸೇರಿ ಒಂದು ಒರಟು ಪದರವಾಗಿ, ನೀರು ಅದರ ಸಂದುಗಳಲ್ಲಿ ಹರಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಕಾರ್ ಶಾಂಪೂ ಬೆರೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಬ್ಬರಿನ ಮಡಿಕೆಗಳನ್ನೂ, ಅದು ಒತ್ತಿಕೊಳ್ಳುವ ಎದುರು ಮೇಲ್ಮೈಯನ್ನೂ ಉಜ್ಜಬೇಕು. ಎದುರು ಮೇಲ್ಮೈಯನ್ನು ಹಲವರು ಮರೆಯುತ್ತಾರೆ. ಒರೆಸಿದ ಬಟ್ಟೆಯಲ್ಲಿ ಕಪ್ಪು ಬರುವುದು ನಿಂತ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಲು ಬಿಡಬೇಕು.

ಅನಂತರ ಸಿಲಿಕೋನ್ ಗ್ರೀಸ್. ಬಿಡಿಭಾಗಗಳ ಅಂಗಡಿಯಲ್ಲಿ ಡೈಎಲೆಕ್ಟ್ರಿಕ್ ಗ್ರೀಸ್ ಎಂಬ ಹೆಸರಿನಲ್ಲಿ ಸ್ಪಾರ್ಕ್ ಪ್ಲಗ್ ವೈರಿಗೆಂದು ಮಾರುವ ಸಣ್ಣ ಟ್ಯೂಬೂ ಸಾಮಾನ್ಯವಾಗಿ ಸಿಲಿಕೋನ್ ಗ್ರೀಸೇ ಆಗಿರುತ್ತದೆ. ಬಟಾಣಿ ಕಾಳಿನಷ್ಟು ಬೆರಳಿಗೆ ತೆಗೆದುಕೊಂಡು, ಒಂದು ಗೇಣು ಉದ್ದಕ್ಕೆ ತೆಳುವಾಗಿ ತಿಕ್ಕುತ್ತ ಸಾಗಬೇಕು. ರಬ್ಬರಿನ ಬಣ್ಣ ಬೂದಿಯಿಂದ ಕಪ್ಪಿಗೆ ತಿರುಗುವುದು ಬೆರಳ ಕೆಳಗೇ ಕಾಣುತ್ತದೆ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಉಳಿದದ್ದನ್ನು ಒಣಬಟ್ಟೆಯಿಂದ ಒರೆಸಿರಿ, ಇಲ್ಲದಿದ್ದರೆ ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ವರ್ಷಕ್ಕೆ ಎರಡು ಬಾರಿ, ಬೇಸಿಗೆಗೆ ಮೊದಲೊಮ್ಮೆ ಮತ್ತು ಚಳಿಗೆ ಮೊದಲೊಮ್ಮೆ, ಇಷ್ಟು ಮಾಡಿದರೆ ರಬ್ಬರಿನ ಆಯುಷ್ಯ ಎಷ್ಟೋ ವರ್ಷ ಹೆಚ್ಚುತ್ತದೆ. ಕಾರಿಗೆ ಬಣ್ಣ ಹೊಡೆಸುವ ಯೋಚನೆ ಇದ್ದರೆ ಮಾತ್ರ ಸಿಲಿಕೋನನ್ನು ಮುಂದೂಡಬೇಕು. ಅದರ ಅಂಶ ಮೇಲ್ಮೈಯಲ್ಲಿ ಉಳಿದರೆ ಹೊಸ ಬಣ್ಣ ಸಣ್ಣ ಸಣ್ಣ ಗುಳಿಗಳಾಗಿ ಬಿಟ್ಟುಕೊಳ್ಳುತ್ತದೆ.

ಬಳಸಬಾರದ್ದನ್ನು ಒತ್ತಿ ಹೇಳಬೇಕಾಗಿದೆ. ಪೆಟ್ರೋಲ್, ಥಿನ್ನರ್, ವ್ಯಾಸಲಿನ್, ತುಕ್ಕು ಬಿಡಿಸುವ ಸ್ಪ್ರೇ, ಎಂಜಿನ್ ಆಯಿಲ್ ಇವು ಯಾವುವೂ ರಬ್ಬರಿನ ಹತ್ತಿರ ಬರಬಾರದು. ಇಂದು ಸಿಗುವ ಬದಲಿ ರಬ್ಬರುಗಳಲ್ಲಿ ಹೆಚ್ಚಿನವು ಇಪಿಡಿಎಂ ಎಂಬ ಬಗೆಯವು. ಬಿಸಿಲು ಮತ್ತು ಓಝೋನನ್ನು ಚೆನ್ನಾಗಿ ತಡೆಯುವ ಈ ರಬ್ಬರ್ ಖನಿಜ ತೈಲವನ್ನು ಹೀರಿ ಊದಿಕೊಳ್ಳುತ್ತದೆ, ಆಕಾರ ಕೆಡುತ್ತದೆ. ಬಳಿದ ಮೊದಲ ದಿನ ಮೆತ್ತಗೆ, ಹೊಳಪಾಗಿ ಕಾಣುವುದರಿಂದಲೇ ಜನ ಮೋಸಹೋಗುತ್ತಾರೆ. ಕೀರಲು ಸದ್ದು ಮಾಡುವ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವುದು ನಮ್ಮ ಮನೆಗಳ ರೂಢಿ. ದಯವಿಟ್ಟು ಇಲ್ಲಿ ಅದು ಬೇಡ. ಅದು ಚಳಿಗೆ ಹೆಪ್ಪುಗಟ್ಟಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ನೀರಿನ ದಾರಿ ಹುಡುಕುವುದು

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದವರಿಗೆ ಈ ಭಾಗ ಸುಲಭವಾಗಿ ಅರ್ಥವಾಗುತ್ತದೆ. ಹನಿ ಬೀಳುವುದು ಅಡುಗೆಮನೆಯ ನಡುವೆ, ಒಡೆದ ಹೆಂಚು ಇರುವುದು ಎರಡು ಮಾರು ಮೇಲೆ. ನೀರು ರೀಪಿನ ಮೇಲೆ ಹರಿದು ತನಗೆ ಅನುಕೂಲವಾದ ಕಡೆ ತೊಟ್ಟಿಕ್ಕುತ್ತದೆ. ಕಾರಿನಲ್ಲಿಯೂ ಹಾಗೆಯೇ. ನನ್ನ ಕಾರಿನಲ್ಲಿ ಚಾಲಕನ ಎಡಮೊಣಕಾಲಿನ ಮೇಲೆ ಹನಿಯುತ್ತಿದ್ದುದರಿಂದ ಬಾಗಿಲಿನ ರಬ್ಬರೇ ಕಾರಣವೆಂದು ಒಂದು ಇಡೀ ಬೇಸಿಗೆ ಅದರ ಹಿಂದೆ ಬಿದ್ದಿದ್ದೆ. ಕೊನೆಗೆ ಕಂಬದ ಒಳಪಟ್ಟಿ ಬಿಚ್ಚಿ, ಹೆಂಡತಿ ಹೊರಗೆ ನೀರು ಬಿಡುತ್ತಿರುವಾಗ ಒಳಗೆ ಮಲಗಿ ನೋಡಿದರೆ, ಮೇಲಿನ ಮೂಲೆಯಲ್ಲಿ ಒಂದು ಹನಿ ಕೂಡಿಕೊಂಡು, ದಪ್ಪಗಾಗಿ, ಉಕ್ಕಿನ ಅಂಚನ್ನು ಹಿಡಿದು ಕೆಳಗಿಳಿದು, ಪಟ್ಟಿಯ ಕೆಳತುದಿಯ ಸ್ಕ್ರೂ ತಲೆಯಿಂದ ತೊಟ್ಟಿಕ್ಕುತ್ತಿತ್ತು. ಬಾಗಿಲಿನ ರಬ್ಬರಿನದು ಯಾವ ತಪ್ಪೂ ಇರಲಿಲ್ಲ.

ಆದ್ದರಿಂದ ಪರೀಕ್ಷೆಗೆ ಮುನ್ನ ಒಳಪಟ್ಟಿಗಳನ್ನು ಬಿಚ್ಚಿಟ್ಟಿರಬೇಕು. ಒಬ್ಬರು ಒಳಗೆ ಟಾರ್ಚ್ ಮತ್ತು ಟಿಶ್ಯೂ ಕಾಗದದೊಂದಿಗೆ ಕೂತು, ಇನ್ನೊಬ್ಬರು ಹೊರಗೆ ಪೈಪು ಹಿಡಿಯಬೇಕು. ಪೈಪಿನ ತುದಿಗೆ ಸ್ಪ್ರೇ ನಳಿಕೆ ಬೇಡ, ನೀರು ತಾನಾಗಿ ಹರಿಯುವಷ್ಟೇ ಒತ್ತಡವಿರಲಿ. ಪ್ರೆಷರ್ ವಾಷರ್ ಹಿಡಿದರೆ ಆರೋಗ್ಯವಾಗಿರುವ ರಬ್ಬರ್ ಕೂಡ ಸೋರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗಬೇಕೆಂಬುದು ಮುಖ್ಯ ನಿಯಮ: ಮೊದಲು ಬಾಗಿಲಿನ ಗಾಜಿನ ಬುಡ, ಆಮೇಲೆ ಕಂಬ, ಆಮೇಲೆ ಗಾಜಿನ ಮೇಲ್ತುದಿ, ಕೊನೆಗೆ ನಡುಪಟ್ಟಿ. ಪ್ರತಿ ಜಾಗದಲ್ಲಿ ಮೂರು ನಾಲ್ಕು ನಿಮಿಷ ನಿಲ್ಲಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೆಡೆ ಹರಿದು ಯಾವುದು ಯಾವುದರದ್ದೆಂದು ಗೊತ್ತಾಗುವುದಿಲ್ಲ.

ವಿಂಡ್‌ಶೀಲ್ಡಿನ ಅಂಟು ಬಿಟ್ಟು ಬರುವ ನೀರನ್ನು ಟಿ-ಟಾಪಿನ ನೀರೆಂದು ತಿಳಿಯುವ ತಪ್ಪು ಬಹಳ ಸಾಮಾನ್ಯ. ಇದನ್ನು ಬೇರ್ಪಡಿಸಲು ಪ್ಯಾನೆಲ್ಲಿನ ಸುತ್ತಲಿನ ಎಲ್ಲ ಸಂದುಗಳ ಮೇಲೆ ಅಗಲವಾದ ಅಂಟುಪಟ್ಟಿ ಹಚ್ಚಿ, ವಿಂಡ್‌ಶೀಲ್ಡಿನ ಮೇಲಂಚಿಗೆ ಮಾತ್ರ ನೀರು ಬಿಡಿರಿ. ಆಗಲೂ ಒಳಗೆ ಹನಿ ಕಂಡರೆ ಗಾಜಿನ ಅಂಟನ್ನು ಹೊಸದಾಗಿ ಹಾಕಿಸಬೇಕು. ಛಾವಣಿಯ ರಬ್ಬರಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿಲ್ಲ.

ನೀರಿಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ರಬ್ಬರಿನ ಮೇಲಿಟ್ಟು ಪ್ಯಾನೆಲ್ ಲಾಕ್ ಮಾಡಿ, ಕಾಗದವನ್ನು ಎಳೆಯಬೇಕು. ತಡೆದು ತಡೆದು ಬಂದರೆ ಒತ್ತಡ ಸರಿಯಿದೆ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ, ಹರಿದೇ ಹೋದರೆ ಅಲ್ಲಿ ಅತಿಯಾಗಿದೆ. ಗೇಣಿಗೊಂದು ಕಡೆ ಹೀಗೆ ಮಾಡುತ್ತ, ಸಡಿಲವಾದ ಜಾಗಗಳಿಗೆ ಅಂಟುಪಟ್ಟಿಯ ತುಣುಕು ಹಚ್ಚಿ ಗುರುತಿಟ್ಟರೆ ದೋಷದ ಪೂರ್ತಿ ನಕ್ಷೆ ಕಣ್ಣೆದುರಿಗೆ ಬರುತ್ತದೆ. ಸಡಿಲ ಜಾಗಗಳೆಲ್ಲ ಒಂದೇ ಬದಿಗಿದ್ದರೆ ಅದು ಹೊಂದಾಣಿಕೆಯ ದೋಷ. ಎಲ್ಲೆಡೆ ಚದುರಿದ್ದರೆ ರಬ್ಬರ್ ಸೊರಗಿದೆ ಎಂದು ತಿಳಿಯಬಹುದು.

ಹೊಂದಾಣಿಕೆ: ಬಾಗಿಲು, ಗಾಜು, ಪ್ಯಾನೆಲ್

ಈ ಮೂರನ್ನು ಇದೇ ಕ್ರಮದಲ್ಲಿ ಮಾಡಬೇಕು. ಬಾಗಿಲು ಜೋತಿದ್ದರೆ ಅದರೊಳಗಿನ ಗಾಜೂ ಜೋತಿರುತ್ತದೆ. ಗಾಜನ್ನು ನೋಡಿ ಪ್ಯಾನೆಲ್ ಹೊಂದಿಸಿದರೆ ಮೂರೂ ತಪ್ಪಾಗಿ ನಿಲ್ಲುತ್ತವೆ. ಬಾಗಿಲನ್ನು ಅರ್ಧ ತೆರೆದು ಹಿಂತುದಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಿರಿ. ಕಟಕಟ ಎಂದು ಆಟ ಕೊಟ್ಟರೆ ಹಿಂಜಿನ ಪಿನ್ನು, ಬುಷ್ಷು ಸವೆದಿವೆ. ಕಾರ್ವೆಟ್ಟಿನ ಬಾಗಿಲು ಉದ್ದ ಮತ್ತು ಭಾರವಾದುದರಿಂದ ಇದು ಬಹುತೇಕ ಎಲ್ಲ ಕಾರುಗಳಲ್ಲೂ ಕಾಣುವ ಸವೆತ. ಅವನ್ನು ಬದಲಿಸಿ, ಬಾಗಿಲಿನ ಸುತ್ತಲಿನ ಸಂದು ಸಮನಾದ ಮೇಲೆಯೇ ಮುಂದಕ್ಕೆ ಹೋಗಬೇಕು.

ಗಾಜಿನ ಎತ್ತರವನ್ನೂ ಅದು ಒಳಕ್ಕೆ ವಾಲುವುದನ್ನೂ ತಿದ್ದುವ ಬೋಲ್ಟುಗಳು ಬಾಗಿಲಿನ ಒಳಹಲಗೆಯ ಹಿಂದಿರುತ್ತವೆ. ಯಾವುದನ್ನು ಸಡಿಲಿಸುವ ಮೊದಲೂ ಅದರ ಸದ್ಯದ ಜಾಗವನ್ನು ಪೆನ್ಸಿಲಿನಿಂದ ಗುರುತಿಸಿರಿ, ಒಮ್ಮೆಗೆ ಒಂದನ್ನೇ ತಿದ್ದಿರಿ. ಬಾಗಿಲು ಮುಚ್ಚಿ ಗಾಜನ್ನು ಪೂರ್ತಿ ಏರಿಸಿದಾಗ ಅದರ ಮೇಲ್ತುದಿ ರಬ್ಬರಿನ ಉದ್ದಕ್ಕೂ ಒಂದೇ ಸಮನಾಗಿ ಒತ್ತಬೇಕು. ಮುಂದೆ ಒತ್ತಿ ಹಿಂದೆ ಬಿಡಬಾರದು. ರಬ್ಬರಿಗೆ ಟಾಲ್ಕಂ ಪೌಡರ್ ಸವರಿ ಗಾಜನ್ನು ಏರಿಸಿ ಇಳಿಸಿದರೆ ಗಾಜಿನ ಮೇಲೆ ಮೂಡುವ ಬಿಳಿಗೆರೆ ಎಲ್ಲಿ ಕಡಿದಿದೆ ಎಂಬುದು ತಿಳಿಯುತ್ತದೆ. ನನ್ನ ಅನುಭವದಲ್ಲಿ ಈ ಕೆಲಸಕ್ಕೆ ಒಂದು ಇಡೀ ಶನಿವಾರ ಬೇಕು, ಅವಸರ ಮಾಡಿದಷ್ಟೂ ಮತ್ತೆ ಮೊದಲಿಗೇ ಬರಬೇಕಾಗುತ್ತದೆ.

ಕೊನೆಯದು ಪ್ಯಾನೆಲ್. ಲಾಕಿನ ಕೊಕ್ಕೆ ಕೂರುವ ಜಾಗವನ್ನು ತೆಳುವಾದ ಬಿಲ್ಲೆ ಸೇರಿಸಿಯೋ ತೆಗೆದೋ ಸ್ವಲ್ಪವೇ ಬದಲಿಸಬೇಕು. ಪ್ಯಾನೆಲ್ಲಿನ ಮುಂದಂಚು ವಿಂಡ್‌ಶೀಲ್ಡಿನ ಚೌಕಟ್ಟಿಗಿಂತ ಎತ್ತರವಾಗಿ ನಿಂತರೆ ಗಾಳಿ ಅದರಡಿಗೆ ನುಗ್ಗಿ ಶಿಳ್ಳೆ ಹೊಡೆಯುತ್ತದೆ. ಸೋರುತ್ತಿದೆಯೆಂದು ಲಾಕನ್ನು ಬಲವಾಗಿ ಬಿಗಿಯುವುದು ಅತ್ಯಂತ ಕೆಟ್ಟ ಪರಿಹಾರ. ಗಾಜಿನ ಪ್ಯಾನೆಲ್ ಒಂದು ತಂಪು ರಾತ್ರಿಯಲ್ಲಿ ತಾನಾಗಿ ಸೀಳುವುದಕ್ಕೆ ಅಂಥ ಬಿಗಿತವೇ ಸಾಕು.

ಕೊನೆಗೂ ರಬ್ಬರ್ ಬದಲಿಸಬೇಕಾದಾಗ

ಉಗುರಿನಿಂದ ಒತ್ತಿದ ಗುರುತು ಮರಳಿ ಏಳದಿದ್ದರೆ, ಬಾಗಿಸಿದಾಗ ಬಿರುಕುಗಳು ಬಾಯಿ ತೆರೆದರೆ, ಅಥವಾ ತುದಿಗಳು ಕುಗ್ಗಿ ಮೂಲೆಯಲ್ಲಿ ಸಂದು ಬಿದ್ದಿದ್ದರೆ ಬದಲಿಸುವುದೇ ಸರಿ. ಕಾರಿನ ವರ್ಷವನ್ನು ಹೇಳಿಯೇ ಖರೀದಿಸಬೇಕು. 1977ರವರೆಗಿನ ಕಾರಿಗೂ 1978ರ ನಂತರದ್ದಕ್ಕೂ ಒಂದೇ ರಬ್ಬರ್ ಎಂದು ಊಹಿಸಬಾರದು. ಪೆಟ್ಟಿಗೆಯಿಂದ ತೆಗೆದ ರಬ್ಬರನ್ನು ಬೆಚ್ಚಗಿನ ಕೋಣೆಯಲ್ಲಿ ಒಂದು ರಾತ್ರಿ ಉದ್ದಕ್ಕೆ ಹರಡಿಟ್ಟರೆ ಮಡಿಕೆಗಳು ನೇರವಾಗುತ್ತವೆ.

ಹಳೆಯ ಅಂಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಬೇಕು. ಅಚ್ಚಿನಲ್ಲಿ ಮಾಡಿದ ಮೂಲೆಗಳನ್ನು ಮೊದಲು ಅವುಗಳ ಜಾಗದಲ್ಲಿ ನಿಲ್ಲಿಸಿ, ಆಮೇಲೆ ನಡುವಿನ ಉದ್ದವನ್ನು ಕೂರಿಸಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ರಬ್ಬರ್ ಸ್ವಲ್ಪ ಗಿಡ್ಡವೆನಿಸಿದಾಗ ಎಳೆದು ಅಂಟಿಸುವುದು. ಎಳೆದ ರಬ್ಬರ್ ಕೆಲವು ವಾರಗಳಲ್ಲಿ ತನ್ನ ಉದ್ದಕ್ಕೆ ಮರಳುತ್ತದೆ, ಸಂದು ಬೀಳುವುದು ಮೂಲೆಯಲ್ಲೇ. ಅದರ ಬದಲು ನಡುವಿನಲ್ಲಿ ಕೂದಲೆಳೆಯಷ್ಟು ಹೆಚ್ಚಾಗಿ ತುಂಬಿ ಒತ್ತುವುದು ಲೇಸು. ಇಂಥ ರಬ್ಬರ್ ಪಟ್ಟಿ ಅಂಟಿಸುವುದಕ್ಕೆಂದೇ ಮಾರುವ ಅಂಟನ್ನು ಎರಡೂ ಮೇಲ್ಮೈಗಳಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟಂಟಾಗುವವರೆಗೆ ಕಾದು ಒತ್ತಬೇಕು. ಸ್ಕ್ರೂ ಅಥವಾ ಕ್ಲಿಪ್ಪಿನಿಂದ ನಿಲ್ಲುವ ಕಡೆ ಅಂಟು ಬೇಕಾಗಿಲ್ಲ.

ಹೊಸ ರಬ್ಬರ್ ದಪ್ಪಗಿರುವುದರಿಂದ ಮೊದಲ ದಿನಗಳಲ್ಲಿ ಬಾಗಿಲು ಬಿಗಿಯುತ್ತದೆ, ಲಾಕ್ ಕಷ್ಟಪಟ್ಟು ಬೀಳುತ್ತದೆ. ಆಗ ಗಾಬರಿಯಾಗಿ ಹೊಂದಾಣಿಕೆಯನ್ನು ಮತ್ತೆ ಬದಲಿಸಬಾರದು. ಗಾಜುಗಳನ್ನು ಏರಿಸಿ, ಎಲ್ಲವನ್ನೂ ಮುಚ್ಚಿ, ಬಿಸಿಲಿರುವ ಕಡೆ ಒಂದೆರಡು ವಾರ ನಿಲ್ಲಿಸಿದರೆ ರಬ್ಬರ್ ತನ್ನ ಜಾಗಕ್ಕೆ ಒಗ್ಗಿಕೊಳ್ಳುತ್ತದೆ.

1984ರ ಮಾದರಿಯಾಗಿ ಬಂದ ನಾಲ್ಕನೆಯ ತಲೆಮಾರಿನ ಕಾರ್ವೆಟ್ ಇಟ್ಟುಕೊಂಡವರಿಗೆ ಎರಡು ಮಾತು. ಅದರಲ್ಲಿ ನಡುಪಟ್ಟಿಯಿಲ್ಲ, ಇಡೀ ಛಾವಣಿ ಬೋಲ್ಟುಗಳಿಂದ ನಿಲ್ಲುವ ಒಂದೇ ಪ್ಯಾನೆಲ್. ಆ ಬೋಲ್ಟುಗಳು ದೇಹದ ಗಟ್ಟಿತನಕ್ಕೂ ಬೇಕಾದವುಗಳಾದ್ದರಿಂದ ಒಂದನ್ನು ಬಿಟ್ಟು ಓಡಿಸಬಾರದು. ಪಾರದರ್ಶಕ ಪ್ಯಾನೆಲ್ ಅಲ್ಲಿ ಅಕ್ರಿಲಿಕ್ಕಿನದು, ಅಮೋನಿಯಾ ಇರುವ ಗಾಜಿನ ಕ್ಲೀನರ್ ಅದನ್ನು ಮಂಜಾಗಿಸುತ್ತದೆ. ಊರಿನಲ್ಲಿ ಹಳೆಯ ಮಾರುತಿ ಜಿಪ್ಸಿಗೆ ಬಿಚ್ಚುವ ಗಟ್ಟಿ ಛಾವಣಿ (ಹಾರ್ಡ್‌ಟಾಪ್) ಹಾಕಿಕೊಂಡಿರುವ ಗೆಳೆಯರಿಗೂ ಕಾಗದದ ಪರೀಕ್ಷೆ ಮತ್ತು ಕೆಳಗಿನಿಂದ ಮೇಲೆ ನೀರು ಬಿಡುವ ಕ್ರಮ ಹಾಗೆಯೇ ಉಪಯೋಗಕ್ಕೆ ಬರುತ್ತವೆ.

ಎಲ್ಲ ಮುಗಿದ ಮೇಲೂ ಕಾರ್ಪೆಟ್ಟನ್ನು ಕೂಡಲೇ ಹಾಸಬಾರದು. ಬರಿಯ ನೆಲದ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಎರಡು ಮೂರು ನಿಜವಾದ ಮಳೆಗಳಲ್ಲಿ ಕಾರನ್ನು ಹೊರಗೆ ನಿಲ್ಲಿಸಿ, ಪ್ರತಿ ಸಲವೂ ಹಾಳೆಗಳನ್ನು ಎತ್ತಿ ನೋಡಿರಿ. ಒಂದು ಹನಿ ಬಿದ್ದಿದ್ದರೂ ಕಾಗದ ಅದರ ಗುರುತನ್ನು ಉಳಿಸಿಕೊಂಡಿರುತ್ತದೆ. ಮೂರನೆಯ ಮಳೆಗೂ ಹಾಳೆ ಗರಿಗರಿಯಾಗಿಯೇ ಇದ್ದರೆ ಒಳಪಟ್ಟಿಗಳನ್ನು ಸ್ಕ್ರೂ ಮಾಡಿ ಕಾರ್ಪೆಟ್ ಹಾಸಬಹುದು.